ದಿನಾ ಮಾಡೋ ಅಡುಗೆಗೆ ನೀರಿನ ಲೆಕ್ಕ

ಮನೇಲಿ ದಿನಾ ತಿನ್ನೋ ಊಟ ಅಂದ್ರೆ ಫೋಟೋ ತೆಗೆಯೋ ಅಡುಗೆ ಅಲ್ಲ. ಅನ್ನ, ಬೇಳೆ, ಮೊಟ್ಟೆ, ಆಲೂಗಡ್ಡೆ, ಒಂದು ಸೂಪು, ಮಕ್ಕಳು ಕೇಳ್ದಾಗ ಒಂದೆರಡು ಪ್ಯಾನ್‌ಕೇಕು, ಇಷ್ಟರಲ್ಲೇ ವಾರ ಕಳೆಯತ್ತೆ. ಇವಕ್ಕೆಲ್ಲ ರೆಸಿಪಿ ಬೇಕಾದಷ್ಟು ಸಿಗತ್ತೆ, ಆದ್ರೆ ಅದೇ ರೆಸಿಪಿ ಒಬ್ರ ಕೈಲಿ ಸೊಗಸಾಗಿ ಬರತ್ತೆ ಇನ್ನೊಬ್ರ ಕೈಲಿ ಪಿಚಪಿಚ ಆಗತ್ತೆ, ಆಮೇಲೆ ಎಲ್ರೂ ಅದನ್ನ ಕೈಗುಣ ಅಂದು ಸುಮ್ನಾಗ್ತಾರೆ. ಕೈಗುಣ ಇಲ್ಲ ಅಂತ ನಾನು ಹೇಳಲ್ಲ, ಆದ್ರೆ ಅದ್ರಲ್ಲಿ ಮುಕ್ಕಾಲು ಪಾಲು ನೀರಿನ ಲೆಕ್ಕ ಅಷ್ಟೆ. ಎಲ್ಲಿ ನೀರು ಇರ್ಬೇಕು, ಎಲ್ಲಿ ಹೋಗ್ಬೇಕು, ಹೋಗೋದಾದ್ರೆ ಯಾವಾಗ ಹೋಗ್ಬೇಕು, ಇದು ಗೊತ್ತಾದ್ರೆ ರೆಸಿಪಿ ನೋಡ್ದೇನೂ ಅಡುಗೆ ಆಗತ್ತೆ.

ಕಾರಣ ಸಿಂಪಲ್. ನೀರನ್ನ ಎಷ್ಟೇ ಕುದಿಸಿದ್ರೂ ಅದು 100 ಡಿಗ್ರಿ ಹತ್ರ ನಿಂತು ಬಿಡತ್ತೆ (ಎತ್ತರದ ಜಾಗಗಳಲ್ಲಿ ಇನ್ನೂ ಕಮ್ಮಿ), ಉರಿ ಜಾಸ್ತಿ ಮಾಡಿದ್ರೆ ಬೇಗ ಆವಿ ಆಗತ್ತೆ ಹೊರತು ಬಿಸಿ ಏರಲ್ಲ. ಆದ್ರೆ ಹುರಿದ ಪದಾರ್ಥದ ಆ ಹೊಂಬಣ್ಣ, ಆ ಘಮ ಇದ್ಯಲ್ಲ, ಅದು ಸರಿಯಾಗಿ ಶುರು ಆಗೋದೇ ಸುಮಾರು 140 ಡಿಗ್ರಿ ಮೇಲೆ. ಅಂದ್ರೆ ಪ್ಯಾನಲ್ಲಿ ನೀರು ಇರೋವರೆಗೂ ಒಳಗಿರೋದು ಬೇಯತ್ತೆ, ಕೆಂಪಗಾಗಲ್ಲ. ಇಷ್ಟೇ ವಿಷಯ.

ನಂಬಿಕೆ ಬರದಿದ್ರೆ ಒಂದು ಸಲ ಅಣಬೆ ಹುರಿದು ನೋಡಿ, ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಅಣಬೇಲಿ ಹೆಚ್ಚುಕಮ್ಮಿ ನೂರಕ್ಕೆ 90 ಭಾಗ ನೀರೇ ಇರೋದು. ಅಗಲವಾದ ಪ್ಯಾನ್ ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕದೆ ಹೆಚ್ಚಿದ ಅಣಬೆ ಹರಡಿ ಒಂದು ಚಿಟಿಕೆ ಉಪ್ಪು ಹಾಕಿ. ಎರಡು ನಿಮಿಷದಲ್ಲಿ ನೀರು ಬಿಡೋಕೆ ಶುರು, ಪ್ಯಾನ್ ತಳ ಪೂರ್ತಿ ತೇವ, ಚುಯ್ ಅಂತ ಒಂದೇ ಸಮ ಸದ್ದು, ಮೇಲೆ ಆವಿ. ಈ ಹಂತದಲ್ಲೇ ತುಂಬಾ ಜನ ಬೆಂದಿದೆ ಅಂತ ಇಳಿಸಿಬಿಡ್ತಾರೆ. ಇಳಿಸ್ಬೇಡಿ. ಇನ್ನೊಂದು ನಾಲ್ಕೈದು ನಿಮಿಷ ಬಿಟ್ರೆ ಆವಿ ನಿಲ್ಲತ್ತೆ, ಸದ್ದು ಬದಲಾಗತ್ತೆ, ಚುಯ್ ಅನ್ನೋದು ಹೋಗಿ ಸಣ್ಣಗೆ ಚಟಚಟ ಅನ್ನತ್ತೆ, ಅಣಬೆ ಅರ್ಧಕ್ಕಿಂತ ಕಮ್ಮಿ ಆಗಿರತ್ತೆ. ಈಗ ಹಾಕಿ ಬೆಣ್ಣೆ ಅಥ್ವಾ ಎಣ್ಣೆ ಒಂದು ಚಮಚ, ಬೆಳ್ಳುಳ್ಳಿ ಒಂದೆರಡು ಎಸಳು, ಮೇಲೊಂದಿಷ್ಟು ಕಾಳುಮೆಣಸಿನ ಪುಡಿ. ಮೂರು ನಿಮಿಷದಲ್ಲಿ ಕಂದು ಬಣ್ಣ ಬರತ್ತೆ. ಬ್ರೆಡ್ ಮೇಲೆ ಹಾಕ್ಕೊಳ್ಳಿ, ಅನ್ನಕ್ಕೆ ಕಲಸಿ, ಆಮ್ಲೆಟ್ ಒಳಗಿಡಿ. ಆ ಸದ್ದು ಬದಲಾಗೋದನ್ನ ಒಂದು ಸಲ ಕಿವಿಗೊಟ್ಟು ಕೇಳಿದ್ರೆ ಆಮೇಲೆ ಈರುಳ್ಳಿಗೂ ಅದೇ, ಕೋಸಿಗೂ ಅದೇ, ಮಾಂಸಕ್ಕೂ ಅದೇ.

ಇದೇ ಕಾರಣಕ್ಕೆ ಪ್ಯಾನ್ ತುಂಬಾ ತುಂಬಿಸ್ಬಾರ್ದು ಅನ್ನೋದು. ಒತ್ತೊತ್ತಾಗಿ ತುಂಬಿದ್ರೆ ಆವಿ ಹೋಗೋಕೆ ಜಾಗ ಇಲ್ಲ, ಎಲ್ಲಾ ಅಲ್ಲೇ ಬೆಂದು ಬಿಡತ್ತೆ. ಎರಡು ಸಲ ಹುರಿಯೋದು ಬೇಜಾರು ನಿಜ, ಆದ್ರೂ ಎರಡು ಸಲನೇ ಹುರೀರಿ.

ಅಳತೆ ವಿಷಯ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಟೀ ಸ್ಪೂನ್ ಅಂದ್ರೆ 5 ಎಂಎಲ್, ಟೇಬಲ್ ಸ್ಪೂನ್ ಅಂದ್ರೆ 15 ಎಂಎಲ್, ಕಪ್ ಅಂದ್ರೆ ಸುಮಾರು 240 ಎಂಎಲ್. ನಿಮ್ಮ ಮನೆ ಲೋಟ ಬೇರೆ ಅಳತೆದು ಇದ್ರೂ ಪರವಾಗಿಲ್ಲ, ಅಕ್ಕಿನೂ ನೀರೂ ಅದೇ ಲೋಟದಲ್ಲಿ ಅಳೆದ್ರೆ ಸಾಕು.

ಅನ್ನ

ಉದ್ದ ಅಕ್ಕಿ 1 ಕಪ್ ತಗೊಂಡ್ರೆ ನೀರು ಒಂದೂವರೆಯಿಂದ ಎರಡು ಕಪ್. ಇಷ್ಟು ವ್ಯತ್ಯಾಸ ಯಾಕೆ ಅಂದ್ರೆ ಅಕ್ಕಿ ಹೀರೋ ನೀರು ಒಂದು, ಪಾತ್ರೆಯಿಂದ ಆವಿಯಾಗಿ ಹೋಗೋದು ಇನ್ನೊಂದು. ಮುಚ್ಚಳ ಸರಿಯಾಗಿ ಕೂರದ ಅಗಲ ಪಾತ್ರೆಯಿಂದ ಜಾಸ್ತಿ ಹೋಗತ್ತೆ, ಬಿಗಿ ಮುಚ್ಚಳದ ದಪ್ಪ ತಳದ ಪಾತ್ರೆಯಿಂದ ಕಮ್ಮಿ. ಅದಕ್ಕೇ ಅಕ್ಕಿ ಡಬಲ್ ಮಾಡಿದ್ರೆ ನೀರನ್ನೂ ಪೂರ್ತಿ ಡಬಲ್ ಮಾಡಿದ್ರೆ ಮೆತ್ತಗಾಗೋದು, ಅಕ್ಕಿ ಹೀರೋದು ಡಬಲ್ ಆಯ್ತು ಆದ್ರೆ ಆವಿಯಾಗಿ ಹೋಗೋದು ಅಷ್ಟೇ ಇರತ್ತಲ್ವಾ. 2 ಕಪ್ ಅಕ್ಕಿಗೆ ಮೂರು, ಮೂರೂಕಾಲು ಕಪ್ ನೀರು ಇಟ್ಟು ನೋಡಿ, ನಿಮ್ಮ ಪಾತ್ರೆ ಏನ್ ಹೇಳತ್ತೋ ಅದನ್ನ ನೆನಪಿಟ್ಕೊಳ್ಳಿ.

ಮೂರ್ನಾಲ್ಕು ಸಲ ತೊಳೀರಿ, ಅಕ್ಕಿ ಮೇಲಿರೋ ಪಿಷ್ಟ ಹೋದ್ರೆ ಅಂಟು ಕಮ್ಮಿ. ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಮುಚ್ಚಿ 12ರಿಂದ 15 ನಿಮಿಷ, ಆಮೇಲೆ ಸ್ಟವ್ ಆಫ್ ಮಾಡಿ 10 ನಿಮಿಷ ಮುಚ್ಚಳ ತೆಗೀಬೇಡಿ. ಈ ಹತ್ತು ನಿಮಿಷನೇ ಮುಖ್ಯ, ತಳದಲ್ಲಿರೋ ತೇವ ಮೇಲಿನವರೆಗೂ ಸಮ ಆಗೋದು ಆವಾಗ. ತಕ್ಷಣ ಕೆದಕಿದ್ರೆ ಕೆಳಗೆ ಮೆತ್ತಗೆ ಮೇಲೆ ಗಟ್ಟಿ, ಜೊತೆಗೆ ಕಾಳು ಮುರಿಯತ್ತೆ.

ಉಳಿದ ಅನ್ನ ಹುರಿಯೋಕೆ ಬಲು ಚೆನ್ನಾಗಿರತ್ತೆ, ಫ್ರಿಜ್ಜಲ್ಲಿ ರಾತ್ರಿ ಇದ್ದಾಗ ಮೇಲ್ಮೈ ಒಣಗಿ ಕಾಳು ಗಟ್ಟಿ ಆಗಿರತ್ತೆ, ಬಿಸಿ ಅನ್ನದಲ್ಲಿ ಮಾಡಿದ್ರೆ ಆ ಉದುರು ಬರೋದೇ ಇಲ್ಲ. 3 ಕಪ್ ತಣ್ಣನೆ ಅನ್ನ ಕೈಯಲ್ಲೇ ಬಿಡಿಸಿಟ್ಕೊಳ್ಳಿ. ದೊಡ್ಡ ಪ್ಯಾನ್ ಜೋರಾಗಿ ಕಾಯಿಸಿ 2 ಟೇಬಲ್ ಸ್ಪೂನ್ ಎಣ್ಣೆ, 2 ಮೊಟ್ಟೆ ಒಡೆದು ಹಾಕಿ ಕಲಕಿ ಅರೆಬೆಂದಾಗ ತೆಗೆದಿಡಿ, ಅದೇ ಪ್ಯಾನಲ್ಲಿ ಈರುಳ್ಳಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್ ಬೀನ್ಸ್ ಏನಿದೆಯೋ ಅದು, ಆಮೇಲೆ ಅನ್ನ ಹಾಕಿ ಹರಡಿ ಒಂದು ನಿಮಿಷ ಮುಟ್ಟದೇ ಬಿಡಿ, ತಿರುಗಿಸಿ, ಮತ್ತೆ ಬಿಡಿ, ಕೊನೇಲಿ ಮೊಟ್ಟೆ ಸೇರಿಸಿ ಉಪ್ಪು ಮೆಣಸು. ಸೋಯಾ ಸಾಸ್ ಹಾಕೋದಿದ್ರೆ ಪ್ಯಾನ್ ಅಂಚಿಗೆ ಸುರೀರಿ, ಅನ್ನದ ಮೇಲೆ ಸುರಿದ್ರೆ ಮತ್ತೆ ನೀರೇ ಹಾಕ್ದಂಗೆ ಆಗತ್ತೆ.

ಒಂದು ಎಚ್ಚರಿಕೆ, ಇದು ಸುಮ್ನೆ ಹೆದ್ರಿಸೋಕೆ ಹೇಳೋದಲ್ಲ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಇರ್ಬಹುದು, ಅವು ಬೇಯಿಸಿದ್ರೂ ಸಾಯಲ್ಲ. ಬೆಂದ ಅನ್ನ ಹೊರಗಡೆ ಗಂಟೆಗಟ್ಟಲೆ ಬೆಚ್ಚಗಿದ್ರೆ ಅವು ಬೆಳೆದು ವಿಷ ಬಿಡ್ತವೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಹಾಗಾಗಿ ಉಳಿದ ಅನ್ನ ಅಗಲ ತಟ್ಟೇಲಿ ಹರಡಿ ಬೇಗ ಆರಿಸಿ, ಆದಷ್ಟು ಒಂದು ಗಂಟೆಯೊಳಗೆ ಫ್ರಿಜ್ಜಿಗೆ, ಮಾರನೇ ದಿನ ಖಾಲಿ ಮಾಡಿ, ಒಂದೇ ಸಲ ಹೊಗೆಯಾಡೋ ಹಾಗೆ ಬಿಸಿ ಮಾಡಿ ತಿನ್ನಿ.

ಮೊಟ್ಟೆ

ಬೇಯಿಸೋ ಮೊಟ್ಟೆಗೆ ತಣ್ಣೀರಲ್ಲಿ ಇಟ್ಟು ಕುದಿ ಬರಿಸೋದಕ್ಕಿಂತ, ಕುದಿಯೋ ನೀರಿಗೆ ಚಮಚದಲ್ಲಿ ನಿಧಾನಕ್ಕೆ ಇಳಿಸೋದು ಒಳ್ಳೇದು. ಟೈಮ್ ಲೆಕ್ಕ ಸಿಗತ್ತೆ, ಸಿಪ್ಪೆನೂ ಸುಲಭವಾಗಿ ಬಿಡತ್ತೆ. ಫ್ರಿಜ್ಜಿಂದ ತೆಗೆದ ಮೊಟ್ಟೆಗೆ 7 ನಿಮಿಷ ಆದ್ರೆ ಭಂಡಾರ (ಒಳಗಿನ ಹಳದಿ ಭಾಗ) ಮೆತ್ತಗೆ, 9ರಿಂದ 10 ಆದ್ರೆ ಒಳಗೆ ಸ್ವಲ್ಪ ತೇವ, 12 ಆದ್ರೆ ಪೂರ್ತಿ ಗಟ್ಟಿ. ತಕ್ಷಣ ತಣ್ಣೀರಿಗೆ ಹಾಕಿ. ಭಂಡಾರದ ಸುತ್ತ ಹಸಿರು ಬೂದು ಬಣ್ಣದ ಉಂಗುರ ಬರತ್ತಲ್ಲ, ಅದು ಕೆಟ್ಟಿದೆ ಅಂತಲ್ಲ, ಜಾಸ್ತಿ ಹೊತ್ತು ಬೆಂದಿದೆ ಅಂತ, ಬಿಳಿ ಭಾಗದ ಗಂಧಕ ಭಂಡಾರದ ಕಬ್ಬಿಣದ ಜೊತೆ ಸೇರಿದಾಗ ಹಾಗಾಗತ್ತೆ. ತುಂಬಾ ತಾಜಾ ಮೊಟ್ಟೆ ಸಿಪ್ಪೆ ಬಿಡಿಸೋಕೆ ತಕರಾರು ಮಾಡತ್ತೆ, ವಾರ ಹತ್ತು ದಿನ ಹಳೇದು ಸಲೀಸು.

ಆಮ್ಲೆಟ್‌ಗೆ ಬಂದ್ರೆ, ಪ್ಯಾನಲ್ಲಿ ಬೆಣ್ಣೆ ಹಾಕಿದಾಗ ನೊರೆ ಬರತ್ತೆ ನೋಡಿ, ಆ ನೊರೆ ಬೆಣ್ಣೇಲಿರೋ ನೀರು. ಬೆಣ್ಣೇಲಿ ನೂರಕ್ಕೆ 16 ಭಾಗದಷ್ಟು ನೀರಿರತ್ತೆ. ನೊರೆ ಅಡಗಿದ ಕ್ಷಣಕ್ಕೆ ಮೊಟ್ಟೆ ಸುರೀಬೇಕು, ಅದಕ್ಕಿಂತ ಮುಂಚೆ ಆದ್ರೆ ಅಂಟತ್ತೆ, ಲೇಟಾದ್ರೆ ಬೆಣ್ಣೆ ಸೀದು ಕಪ್ಪಾಗತ್ತೆ. ಒಬ್ಬರಿಗೆ 2 ಮೊಟ್ಟೆ ಸಾಕು, ಹಾಲು ಹಾಕೋ ಅಭ್ಯಾಸ ತುಂಬಾ ಜನಕ್ಕಿದೆ, ನನಗೆ ಅದರ ಅಗತ್ಯ ಕಾಣಲ್ಲ, ನೀರು ಜಾಸ್ತಿ ಆಗಿ ಆಮೇಲೆ ತಟ್ಟೇಲಿ ಸೋರತ್ತೆ ಅಷ್ಟೆ. ಮೇಲ್ಭಾಗ ಇನ್ನೂ ಸ್ವಲ್ಪ ಹೊಳೀತಿರೋವಾಗ್ಲೇ ಮಡಿಸಿ ಇಳಿಸಿ, ಪ್ಯಾನ್ ಬಿಸಿಗೆ ಉಳಿದದ್ದು ತಾನೇ ಆಗತ್ತೆ. ಮನೇಲಿ ಸಣ್ಣ ಮಕ್ಕಳು, ವಯಸ್ಸಾದವ್ರು, ಬಸುರಿಯರು ಇದ್ರೆ ಮಾತ್ರ ಪೂರ್ತಿ ಬೇಯಿಸಿ ಕೊಡಿ.

ಈರುಳ್ಳಿ ಟೊಮ್ಯಾಟೊ, ಎಲ್ಲದಕ್ಕೂ ಆಗೋ ಒಂದು ಸಾಸ್

ಒಂದೇ ಒಂದು ಐಟಂ ಕಲಿಯೋದಾದ್ರೆ ಇದನ್ನ ಕಲೀರಿ ಅಂತೀನಿ, ಪಾಸ್ತಾಗೂ ಆಗತ್ತೆ, ಮೊಟ್ಟೆ ಒಡೆದು ಹಾಕಿದ್ರೂ ಊಟ ಆಗತ್ತೆ, ಬೆಂದ ಕಾಳಿಗೆ ಸೇರಿಸ್ಬಹುದು, ಬ್ರೆಡ್ಡಿಗೆ ಹಚ್ಕೊಂಡು ತಿನ್ಬಹುದು.

ನಾಲ್ಕು ಜನಕ್ಕೆ ಹಣ್ಣಾದ ಟೊಮ್ಯಾಟೊ 800 ಗ್ರಾಂ, ಈರುಳ್ಳಿ 1 ದೊಡ್ಡದು, ಬೆಳ್ಳುಳ್ಳಿ 4 ಎಸಳು, ಎಣ್ಣೆ 3 ಟೇಬಲ್ ಸ್ಪೂನ್, ಉಪ್ಪು 1 ಟೀ ಸ್ಪೂನ್. ಸಿಪ್ಪೆ ಬೇಡ ಅಂದ್ರೆ ಟೊಮ್ಯಾಟೊ ಬುಡದಲ್ಲಿ ಚಾಕುವಿಂದ ಅಡ್ಡ ಉದ್ದ ಗೀರಿ ಕುದಿಯೋ ನೀರಲ್ಲಿ 30 ಸೆಕೆಂಡ್ ಇಟ್ಟು ತಣ್ಣೀರಿಗೆ ಹಾಕಿ, ಗೀರಿದ ಕಡೆಯಿಂದ ಸಿಪ್ಪೆ ಸುರುಳಿ ಬಿಚ್ಚಿಕೊಳ್ಳತ್ತೆ. ನಾನು ಅರ್ಧ ಸಲ ಬಿಡಿಸೋದೇ ಇಲ್ಲ ಬಿಡಿ.

ಈಗ ಈರುಳ್ಳಿ. ರೆಸಿಪಿಗಳಲ್ಲಿ 5 ನಿಮಿಷ ಹೊಂಬಣ್ಣ ಬರೋವರೆಗೂ ಹುರೀರಿ ಅಂತ ಬರೆದಿರ್ತಾರೆ, ಅದು ಆಗೋ ಮಾತಲ್ಲ. 5 ನಿಮಿಷಕ್ಕೆ ಈರುಳ್ಳಿ ಮೆತ್ತಗಾಗಿ ಗಾಜಿನ ಬಣ್ಣಕ್ಕೆ ಬರತ್ತೆ, ತಿಳಿ ಹೊಂಬಣ್ಣಕ್ಕೆ 12ರಿಂದ 15 ನಿಮಿಷ ಬೇಕು, ಸಿಹಿ ಸಿಹಿಯಾಗಿ ಗಾಢ ಕಂದು ಬೇಕು ಅಂದ್ರೆ ಸಣ್ಣ ಉರೀಲಿ 40 ನಿಮಿಷದ ಕೆಲಸ. ಈರುಳ್ಳೀಲೂ ನೂರಕ್ಕೆ 89 ಭಾಗ ನೀರು, ಅದು ಹೋಗೋಕೆ ಟೈಮ್ ಬೇಕೇ ಬೇಕು. ಶುರುವಲ್ಲೇ ಒಂದು ಚಿಟಿಕೆ ಉಪ್ಪು ಹಾಕಿದ್ರೆ ನೀರು ಬೇಗ ಹೊರಗೆ ಬರತ್ತೆ. ಒಂದು ಚಿಟಿಕೆ ಅಡುಗೆ ಸೋಡ ಹಾಕಿದ್ರೆ ಬಣ್ಣ ಬೇಗ ಬರತ್ತೆ ನಿಜ, ಆದ್ರೆ ಈರುಳ್ಳಿ ಕರಗಿ ಪೇಸ್ಟ್ ಆಗತ್ತೆ, ಸೂಪಿಗೆ ಓಕೆ, ಬೇರೇದಕ್ಕೆ ನನಗಿಷ್ಟ ಇಲ್ಲ. ತಳ ಹಿಡಿಯೋಕೆ ಶುರು ಆದ್ರೆ ಎರಡು ಚಮಚ ನೀರು ಚಿಮುಕಿಸಿ ಕೆರೆದು ಕಲಸಿ, ಆ ಕಂದು ಅಂಶದಲ್ಲೇ ರುಚಿ ಇರೋದು.

ಈ ಸಾಸಿಗೆ ತಿಳಿ ಹೊಂಬಣ್ಣ ಸಾಕು. ಆಮೇಲೆ ಬೆಳ್ಳುಳ್ಳಿ ಹಾಕಿ ಒಂದು ನಿಮಿಷ, ಬೆಳ್ಳುಳ್ಳಿ ಮೊದಲೇ ಹಾಕ್ಬೇಡಿ, ಈರುಳ್ಳಿ ಆಗೋ ಹೊತ್ತಿಗೆ ಅದು ಸೀದು ಕಹಿ ಆಗಿರತ್ತೆ. ಟೊಮ್ಯಾಟೊ, ಉಪ್ಪು ಹಾಕಿ ಮುಚ್ಚಳ ಇಲ್ಲದೇ ಮಧ್ಯಮ ಉರೀಲಿ 25ರಿಂದ 30 ನಿಮಿಷ. ಮುಚ್ಚಿದ್ರೆ ಆವಿ ಮತ್ತೆ ಒಳಗೇ ಬೀಳತ್ತೆ, ಸಾಸ್ ಆಗಲ್ಲ, ಟೊಮ್ಯಾಟೊ ನೀರು ಆಗತ್ತೆ. ಆಗಿದ್ಯಾ ಇಲ್ವಾ ಅಂತ ನೋಡೋಕೆ ಚಮಚದಿಂದ ಪ್ಯಾನ್ ಮಧ್ಯದಲ್ಲಿ ಒಂದು ಗೆರೆ ಎಳೀರಿ, ಗೆರೆ ತಕ್ಷಣ ಮುಚ್ಕೊಂಡ್ರೆ ಇನ್ನೂ ನೀರಿದೆ, ಒಂದೆರಡು ಸೆಕೆಂಡ್ ತಳ ಕಾಣ್ತಾ ನಿಂತ್ರೆ ಮತ್ತೆ ಅಂಚಲ್ಲಿ ಎಣ್ಣೆ ಬಿಟ್ಟಿದ್ರೆ ಆಯ್ತು. ಹುಳಿ ಜಾಸ್ತಿ ಅನ್ಸಿದ್ರೆ ಚಿಟಿಕೆ ಸಕ್ಕರೆ.

ಪಾಸ್ತಾಗೆ ಒಬ್ಬರಿಗೆ ಒಣ ಪಾಸ್ತಾ 100 ಗ್ರಾಂ, ಅಷ್ಟಕ್ಕೆ ನೀರು 1 ಲೀಟರ್, ಉಪ್ಪು ಸುಮಾರು 10 ಗ್ರಾಂ. ಪ್ಯಾಕೆಟ್ ಮೇಲೆ ಹೇಳಿದ್ದಕ್ಕಿಂತ ಒಂದು ನಿಮಿಷ ಮುಂಚೆ ತೆಗೀರಿ, ಸೋಸೋ ಮೊದ್ಲು ಆ ನೀರು ಒಂದು ಕಪ್ ಎತ್ತಿಟ್ಕೊಳ್ಳಿ. ಅದರಲ್ಲಿ ಪಿಷ್ಟ ಇರತ್ತೆ, ಸಾಸ್ ಪಾಸ್ತಾ ಸೇರಿಸಿ ಉರಿ ಮೇಲೆ ಕಲಸ್ತಾ ಆ ನೀರು ಸ್ವಲ್ಪ ಸ್ವಲ್ಪ ಹಾಕಿದ್ರೆ ಎಣ್ಣೆ ಬೇರೆ ನಿಲ್ಲದೇ ಸಾಸ್ ಪಾಸ್ತಾಗೆ ಹಿಡ್ಕೊಳ್ಳತ್ತೆ. ಅರ್ಧ ಗಂಟೆ ಕೂತು ನೀರು ಓಡಿಸಿ ಈಗ ಮತ್ತೆ ನೀರಾ ಅಂತ ಕೇಳ್ಬೇಡಿ, ಇದು ಬೇರೆ ನೀರು. ಬೆಂದ ಪಾಸ್ತಾನ ತಣ್ಣೀರಲ್ಲಿ ತೊಳೆಯೋದು ಮಾತ್ರ ಬೇಡ, ಸಲಾಡ್ ಮಾಡೋದಾದ್ರೆ ಸರಿ.

ಸಾಸ್ ಡಬಲ್ ಮಾಡಿ ಅರ್ಧ ಫ್ರೀಜರಲ್ಲಿ ಇಟ್ರೆ ಎರಡು ಮೂರು ತಿಂಗಳು ಧಾರಾಳವಾಗಿ ಇರತ್ತೆ, ಜಿಪ್ ಕವರಲ್ಲಿ ತೆಳ್ಳಗೆ ಚಪ್ಪಟೆ ಮಾಡಿ ಇಡಿ, ಜಾಗನೂ ಉಳಿಯತ್ತೆ ಬೇಗನೂ ಕರಗತ್ತೆ.

ಬೇಳೆ ಸೂಪು, ಕಾಳು

ಸುಸ್ತಾಗಿರೋ ದಿನಕ್ಕೆ ಇದಕ್ಕಿಂತ ಸುಲಭ ಇಲ್ಲ. ಕೆಂಪು ಮಸೂರ್ ಬೇಳೆ 1 ಕಪ್, ನೆನೆಸೋದೂ ಬೇಡ, ಚೆನ್ನಾಗಿ ತೊಳೆದು ನಾಲ್ಕೂವರೆಯಿಂದ ಐದು ಕಪ್ ನೀರು. ಮೊದಲು ಪಾತ್ರೇಲಿ ಎಣ್ಣೆ, ಅರ್ಧ ಟೀ ಸ್ಪೂನ್ ಜೀರಿಗೆ, ಒಂದು ಈರುಳ್ಳಿ, ಒಂದು ಕ್ಯಾರೆಟ್, ಎರಡು ಎಸಳು ಬೆಳ್ಳುಳ್ಳಿ ಬಾಡಿಸ್ಕೊಂಡು ಬೇಳೆ ನೀರು ಹಾಕಿ. ಕುದಿ ಬಂದಾಗ ಮೇಲೆ ನೊರೆ ಬರತ್ತೆ, ಅದು ಬೇಳೆಯ ಪ್ರೋಟೀನು ಪಿಷ್ಟ ಸೇರಿ ಆಗೋದು, ತೆಗೆದ್ರೂ ಸರಿ ಬಿಟ್ರೂ ಸರಿ, ಆದ್ರೆ ಉಕ್ಕಿ ಸ್ಟವ್ ಮೇಲೆಲ್ಲ ಬೀಳತ್ತೆ ಅದಕ್ಕೇ ತೆಗೆಯೋದು. 20 ನಿಮಿಷಕ್ಕೆ ಬೇಳೆ ಕರಗಿ ತಾನೇ ಗಟ್ಟಿ ಆಗತ್ತೆ. ಆವಾಗ ಉಪ್ಪು, ಒಂದು ಟೊಮ್ಯಾಟೊ, ಇನ್ನೊಂದು ಐದಾರು ನಿಮಿಷ, ಇಳಿಸಿ ನಿಂಬೆರಸ.

ಟೊಮ್ಯಾಟೊ ಯಾಕೆ ಕೊನೇಲಿ ಅಂದ್ರೆ ಹುಳಿ ಬಿದ್ರೆ ಬೇಳೆ ಕಾಳು ಮೆತ್ತಗಾಗೋದು ತುಂಬಾ ನಿಧಾನ ಆಗತ್ತೆ. ಗಡಸು ನೀರಿದ್ರೂ ಅಷ್ಟೇ, ಅದ್ರಲ್ಲಿರೋ ಕ್ಯಾಲ್ಸಿಯಂ ಕಾಳಿನ ಸಿಪ್ಪೆ ಬಿಗಿ ಮಾಡತ್ತೆ. ಉಪ್ಪು ಮಾತ್ರ ಮೊದಲೇ ಹಾಕಿದ್ರೆ ಕಾಳು ಬೇಯಲ್ಲ ಅನ್ನೋದು ಬರೀ ಮಾತು, ನೆನೆಸೋ ನೀರಿಗೇ ಉಪ್ಪು ಹಾಕಿದ್ರೆ ಸಿಪ್ಪೆ ಇನ್ನೂ ಚೆನ್ನಾಗಿ ಮೆತ್ತಗಾಗತ್ತೆ. ಎಷ್ಟು ಬೇಯಿಸಿದ್ರೂ ಕಲ್ಲಿನ ಹಾಗೇ ಇದ್ರೆ ಕಾಳು ತುಂಬಾ ಹಳೇದು, ಅದಕ್ಕೆ ಮದ್ದಿಲ್ಲ.

ರಾಜ್ಮಾ ವಿಷಯದಲ್ಲಿ ಒಂದನ್ನ ಮರೀಬೇಡಿ. ಕೆಂಪು ರಾಜ್ಮಾಲಿ ಲೆಕ್ಟಿನ್ ಅನ್ನೋ ವಿಷದಂಶ ಇರತ್ತೆ, ಅರೆಬೆಂದ ನಾಲ್ಕೈದು ಕಾಳು ತಿಂದ್ರೂ ವಾಂತಿ ಭೇದಿ ಆಗ್ಬಹುದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಜೋರಾಗಿ ಕನಿಷ್ಠ 10 ನಿಮಿಷ ಕುದಿಸಲೇಬೇಕು, ಆಮೇಲೆ ಸಣ್ಣ ಉರೀಲಿ ಮೆತ್ತಗಾಗೋವರೆಗೂ ಬೇಯಿಸಿ. ಸ್ಲೋ ಕುಕ್ಕರಲ್ಲಿ ಹಸಿ ರಾಜ್ಮಾ ನೇರವಾಗಿ ಹಾಕೋದು ಅಪಾಯ, ಅದರ ಬಿಸಿ ಕುದಿಯೋ ಮಟ್ಟಕ್ಕೆ ಹೋಗದೇ ಇರ್ಬಹುದು. ಪ್ರೆಶರ್ ಕುಕ್ಕರ್ ಆದ್ರೆ ಚಿಂತೆ ಇಲ್ಲ, ಅದರೊಳಗೆ ನೀರು 120 ಡಿಗ್ರಿ ಹತ್ರ ಹೋಗತ್ತೆ.

ಆಲೂಗಡ್ಡೆ

ಆಲೂಗಡ್ಡೇನ ಯಾವಾಗ್ಲೂ ತಣ್ಣೀರಲ್ಲೇ ಹಾಕಿ ಕುದಿಸ್ಬೇಕು, ಮೊಟ್ಟೆಗೆ ಉಲ್ಟಾ. ಕುದಿಯೋ ನೀರಿಗೆ ಹಾಕಿದ್ರೆ ಹೊರಗೆ ಕರಗಿ ಹೋಗತ್ತೆ ಒಳಗೆ ಗಟ್ಟಿ ಇರತ್ತೆ. 1 ಕಿಲೋ ಆಲೂಗಡ್ಡೆ ಒಂದೇ ಸೈಜಿಗೆ ಕತ್ತರಿಸಿ, ಉಪ್ಪು ಹಾಕಿದ ನೀರಲ್ಲಿ 15ರಿಂದ 20 ನಿಮಿಷ, ಚಾಕು ಚುಚ್ಚಿದ್ರೆ ತಾನೇ ಜಾರಿ ಬೀಳ್ಬೇಕು. ನೀರು ಬಸಿದ ಮೇಲೆ ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ ಎರಡು ನಿಮಿಷ ಸಣ್ಣ ಉರೀಲಿ ಆಡಿಸಿ, ಅಂಚೆಲ್ಲ ಬೆಳ್ಳಗೆ ಪುಡಿ ಪುಡಿ ಆಗತ್ತೆ, ಅಂದ್ರೆ ಮೇಲಿನ ನೀರು ಹೋಯ್ತು. ಈಗ ಮಸೆದು, ಮೊದಲು ಬೆಣ್ಣೆ 60 ಗ್ರಾಂ, ಆಮೇಲೆ ಬಿಸಿ ಹಾಲು ಸುಮಾರು 150 ಎಂಎಲ್ ಸ್ವಲ್ಪ ಸ್ವಲ್ಪವಾಗಿ. ಮಿಕ್ಸಿಗೆ ಹಾಕೋ ಆಸೆ ಬಂದ್ರೆ ದಯವಿಟ್ಟು ತಡ್ಕೊಳ್ಳಿ, ಬ್ಲೇಡ್ ಪಿಷ್ಟದ ಕಣಗಳನ್ನೆಲ್ಲ ಒಡೆದು ಗೋಂದಿನ ಥರ ಎಳೆ ಎಳೆ ಬರೋ ಹಾಗೆ ಮಾಡತ್ತೆ, ಅದನ್ನ ಸರಿ ಮಾಡೋ ದಾರಿನೇ ಇಲ್ಲ.

ಗರಿಗರಿ ಬೇಕಾದ್ರೆ 8ರಿಂದ 10 ನಿಮಿಷ ಮಾತ್ರ ಬೇಯಿಸಿ, ಬಸಿದು, ಪಾತ್ರೆ ಮುಚ್ಚಿ ಜೋರಾಗಿ ಕುಲುಕಿ ಅಂಚು ಒರಟಾಗಿಸಿ, ಐದು ನಿಮಿಷ ಆರೋಕೆ ಬಿಟ್ಟು, ಎಣ್ಣೆ ಉಪ್ಪು ಹಚ್ಚಿ 220 ಡಿಗ್ರಿ ಓವನ್ನಲ್ಲಿ 40 ನಿಮಿಷ, ಮಧ್ಯ ಒಂದು ಸಲ ತಿರುವಿ. ಓವನ್ ಇಲ್ಲಾಂದ್ರೆ ದಪ್ಪ ತಳದ ಪ್ಯಾನಲ್ಲಿ ಒಂದೇ ಪದರ ಹರಡಿ ಕೈ ಕಟ್ಟಿ ನಿಲ್ಲಿ, ಪದೇ ಪದೇ ಕೆದಕಿದ್ರೆ ಬಣ್ಣ ಬರಲ್ಲ.

ಹಸಿ ಆಲೂಗಡ್ಡೆ ಕತ್ತಲಿರೋ ಗಾಳಿಯಾಡೋ ಜಾಗದಲ್ಲಿಡಿ. ಫ್ರಿಜ್ಜಲ್ಲಿ ಇಟ್ರೆ ಪಿಷ್ಟ ಸಕ್ಕರೆ ಆಗೋಕೆ ಶುರುವಾಗಿ ಹುರಿದಾಗ ಬೇಗ ಕಪ್ಪಗಾಗತ್ತೆ. ಹಸಿರಾಗಿದ್ರೆ ಆ ಭಾಗ ಧಾರಾಳವಾಗಿ ಕತ್ತರಿಸಿ ತೆಗೀರಿ, ಪೂರ್ತಿ ಹಸಿರಾದ್ರೆ ಬಿಸಾಕಿ.

ಪ್ಯಾನ್‌ಕೇಕ್

ಮೈದಾ 1 ಕಪ್, ಬೇಕಿಂಗ್ ಪೌಡರ್ 2 ಟೀ ಸ್ಪೂನ್, ಸಕ್ಕರೆ 1 ಟೇಬಲ್ ಸ್ಪೂನ್, ಉಪ್ಪು ಕಾಲು ಟೀ ಸ್ಪೂನ್ ಒಂದು ಕಡೆ. ಹಾಲು ಮುಕ್ಕಾಲರಿಂದ 1 ಕಪ್, ಮೊಟ್ಟೆ 1, ಕರಗಿಸಿದ ಬೆಣ್ಣೆ 2 ಟೇಬಲ್ ಸ್ಪೂನ್ ಇನ್ನೊಂದು ಕಡೆ. ಎರಡೂ ಸೇರಿಸಿ ಹತ್ತು ಹನ್ನೆರಡು ಸಲ ಕಲಸಿ ನಿಲ್ಲಿಸಿ, ಗಂಟು ಇದ್ರೆ ಇರ್ಲಿ. ನುಣ್ಣಗಾಗೋವರೆಗೂ ಕಲಸ್ತಾ ಹೋದ್ರೆ ಮೈದಾದ ಗ್ಲೂಟೆನ್ ಎಳೆ ಕಟ್ಟಿ ರಬ್ಬರ್ ಆಗತ್ತೆ. 10 ನಿಮಿಷ ಬಿಟ್ರೆ ಹಿಟ್ಟು ನೀರು ಹೀರ್ಕೊಂಡು ಗಂಟು ಅರ್ಧ ತಾನೇ ಕರಗತ್ತೆ.

ಪ್ಯಾನ್ ಮಧ್ಯಮ ಬಿಸಿ, ಕಾಲು ಕಪ್ ಹಿಟ್ಟು ಸುರಿದು ಹರಡ್ದೆ ಬಿಡಿ. ಮೇಲೆ ಗುಳ್ಳೆ ಬಂದು ಒಡೆದು ತೂತು ಹಾಗೇ ಉಳೀಬೇಕು, ಅಂಚು ಮಂಕಾಗ್ಬೇಕು, ಆವಾಗ ಒಂದೇ ಸಲ ತಿರುವಿ. ತಿರುವಿದ್ಮೇಲೆ ಸಟ್ಟುಗದಿಂದ ಒತ್ಬೇಡಿ. ಮೊದಲನೇದು ಅಷ್ಟಕ್ಕಷ್ಟೇ ಬರತ್ತೆ, ಅದು ಅಡುಗೆ ಮಾಡೋರ ಪಾಲು.

ಕೋಳಿ ಸೂಪು

ಮೂಳೆ ಇರೋ ಕೋಳಿ 1 ಕಿಲೋ, ತಣ್ಣೀರು 2 ಲೀಟರ್, ಈರುಳ್ಳಿ, ಕ್ಯಾರೆಟ್, ಕಾಳುಮೆಣಸು. ಹಸಿ ಕೋಳಿ ನಲ್ಲಿ ಕೆಳಗೆ ತೊಳೀಬೇಡಿ, ನೀರು ಸಿಡಿದು ಬ್ಯಾಕ್ಟೀರಿಯಾ ಸಿಂಕ್ ಸುತ್ತ ಹರಡತ್ತೆ, ಬೇಯಿಸಿದ್ರೆ ಹೇಗೂ ಸಾಯತ್ತೆ. ಕುದಿ ಬರೋ ಮುಂಚೆ ನೊರೆ ತೆಗೆದು ಆಮೇಲೆ ಒಂದೊಂದೇ ಗುಳ್ಳೆ ಏಳೋ ಅಷ್ಟು ಸಣ್ಣ ಉರೀಲಿ ಒಂದು ಗಂಟೆ. ಕೊತಕೊತ ಕುದಿಸಿದ್ರೆ ಕೊಬ್ಬು ನೀರಲ್ಲಿ ಬೆರೆತು ಸೂಪು ಕಲಕಲಾಗತ್ತೆ, ಮಾಂಸ ನಾರಾಗತ್ತೆ. ಎದೆ ಭಾಗ 25 ನಿಮಿಷಕ್ಕೇ ಎತ್ತಿ ಇಟ್ಕೊಳ್ಳಿ, ಥರ್ಮಾಮೀಟರ್ ಇದ್ರೆ ಒಳಗೆ 74 ಡಿಗ್ರಿ ಬಂದಿರ್ಬೇಕು. ನೂಡಲ್ಸ್ ಹಾಕೋದಿದ್ರೆ ಬೇರೆ ಬೇಯಿಸಿ ಬಡಿಸೋವಾಗ ಸೇರಿಸಿ, ಇಲ್ಲಾಂದ್ರೆ ಬೆಳಗಾಗೋ ಅಷ್ಟರಲ್ಲಿ ಸೂಪೆಲ್ಲ ಕುಡಿದು ಊದ್ಕೊಂಡಿರ್ತವೆ.

ಸೂಪು, ಸಾಸ್, ಕಾಳು ಏನೇ ಉಳಿದ್ರೂ ದೊಡ್ಡ ಪಾತ್ರೇಲಿ ಬಿಸಿಬಿಸಿ ಫ್ರಿಜ್ಜಿಗೆ ಇಡ್ಬೇಡಿ, ಮಧ್ಯದ ಬಿಸಿ ಇಳಿಯೋಕೆ ಗಂಟೆಗಟ್ಟಲೆ ಬೇಕು, ಪಕ್ಕದ ಹಾಲು ಮೊಸರಿಗೂ ಬಿಸಿ ತಾಗತ್ತೆ. ಅಗಲ ಡಬ್ಬಿಗಳಿಗೆ ಹಂಚಿ ಎರಡು ಗಂಟೆಯೊಳಗೆ ಒಳಗಿಡಿ, 3-4 ದಿನದೊಳಗೆ ಮುಗಿಸಿ.

ಉಪ್ಪು

ಸಣ್ಣ ಉಪ್ಪು ಒಂದು ಟೀ ಸ್ಪೂನ್ ಸುಮಾರು 6 ಗ್ರಾಂ ತೂಗತ್ತೆ, ಹರಳುಪ್ಪು ಅದೇ ಚಮಚದಲ್ಲಿ ಕಮ್ಮಿ ತೂಗತ್ತೆ, ಅದಕ್ಕೇ ಬ್ರ್ಯಾಂಡ್ ಬದಲಾದಾಗ ಅಡುಗೆ ಉಪ್ಪಾಗೋದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದ್ರೆ ಒಂದು ಟೀ ಸ್ಪೂನೂ ಪೂರ್ತಿ ಇಲ್ಲ, ಸಾಸು ಚೀಸು ಬ್ರೆಡ್ಡಲ್ಲಿ ಇರೋದೂ ಅದ್ರಲ್ಲೇ ಲೆಕ್ಕ. ನೀರು ಇಂಗಿಸೋ ಅಡುಗೇಲಿ ಉಪ್ಪು ಶುರುವಲ್ಲಿ ಅರ್ಧ ಹಾಕಿ ಉಳಿದಿದ್ದು ಕೊನೇಲಿ ರುಚಿ ನೋಡಿ ಹಾಕಿ, ಯಾಕಂದ್ರೆ ನೀರು ಆವಿ ಆಗತ್ತೆ, ಉಪ್ಪು ಅಲ್ಲೇ ಉಳಿಯತ್ತೆ, ಒಂದು ಲೀಟರ್ ಸಾಸ್ ಅರ್ಧ ಲೀಟರ್ ಆದ್ರೆ ಉಪ್ಪು ಡಬಲ್ ಆದಂಗೆ. ರುಚಿ ಸಪ್ಪೆ ಅನ್ಸಿದಾಗೆಲ್ಲ ಉಪ್ಪೇ ಬೇಕಾಗಿರಲ್ಲ, ಎಷ್ಟೋ ಸಲ ನಾಲ್ಕು ಹನಿ ನಿಂಬೆರಸ ಆ ಕೆಲಸ ಮಾಡತ್ತೆ, ಮೊದಲು ಅದನ್ನ ಹಾಕಿ ನೋಡಿ.

ಉಪ್ಪು ಜಾಸ್ತಿ ಆಗೇ ಹೋಯ್ತು ಅಂದ್ರೆ ಆಲೂಗಡ್ಡೆ ಹಾಕಿದ್ರೆ ಹೀರ್ಕೊಳ್ಳತ್ತೆ ಅಂತ ಎಲ್ರೂ ಹೇಳ್ತಾರೆ. ಆಲೂಗಡ್ಡೆ ಉಪ್ಪನ್ನ ಮಾತ್ರ ಆರಿಸಿ ಹೀರಲ್ಲ, ಉಪ್ಪುನೀರನ್ನ ಹೀರತ್ತೆ, ಪಾತ್ರೇಲಿ ಉಳಿದಿದ್ದು ಅಷ್ಟೇ ಉಪ್ಪಾಗಿರತ್ತೆ. ಆ ಆಲೂಗಡ್ಡೇನ ತೆಗೆದು ಬಿಸಾಕೋ ಬದ್ಲು ಮಸೆದು ಅಲ್ಲೇ ಸೇರಿಸಿ, ಅದರ ಜೊತೆ ಒಂದು ಕಪ್ ಬಿಸಿನೀರು ಹಾಕಿ ಒಂದು ಕುದಿ ಬರಿಸಿ, ಪ್ರಮಾಣ ಜಾಸ್ತಿ ಆದ್ರೆ ಉಪ್ಪು ತಾನೇ ಹಂಚಿಹೋಗತ್ತೆ. ಸೂಪಿಗೂ ಕಾಳಿಗೂ ಇದು ನಡೆಯತ್ತೆ, ಹುರಿದ ಐಟಂ ಆದ್ರೆ ಉಪ್ಪಿಲ್ಲದ ಅನ್ನದ ಜೊತೆ ಕಲಸಿ ತಿನ್ನೋದೇ.